‘ಬೇಚರಾಕ್’ ಅಂದರೇನು? ಪಹಣಿಯಲ್ಲಿ ಊರಿದೆ, ನೆಲದ ಮೇಲೆ ಇಲ್ಲ

ಕೆಂಪುಮಣ್ಣು

ಎಲ್ಲರಿಗೂ ನಮಸ್ಕಾರ. ಅಪ್ಪ ತೀರಿಕೊಂಡು ವರ್ಷ ಆಗ್ತಾ ಬಂತು, ಪೌತಿ ಖಾತೆ, ಅಂದರೆ ಅವರ ಹೆಸರಲ್ಲಿರೋ ಜಮೀನು ನಮ್ಮ ಹೆಸರಿಗೆ ಮಾಡಿಸೋಕೆ ಓಡಾಡ್ತಾ ಇದ್ದೀನಿ. ನಮ್ಮ ಜಮೀನಿನಲ್ಲಿ ಎರಡೂವರೆ ಎಕರೆ ನಮ್ಮೂರ ಎಲ್ಲೆಯೊಳಗೆ ಬರೋದಿಲ್ಲ. ಪಹಣಿಯಲ್ಲಿ ಗ್ರಾಮ ಅನ್ನೋ ಕಡೆ ಬೇರೆ ಹೆಸರಿದೆ, ಅದರ ಪಕ್ಕ ‘ಬೇಚರಾಕ್’ ಅಂತ ಇದೆ. ಆ ಹೆಸರಿನ ಊರನ್ನ ನಾನು ಹುಟ್ಟಿದಾಗಿಂದ ನೋಡಿಲ್ಲ. ಅಲ್ಲಿಗೆ ಬಸ್ಸಿಲ್ಲ, ಅಲ್ಲಿಂದ ಸಂತೆಗೆ ಬರೋರಿಲ್ಲ. ನಾವು ಆ ಜಾಗವನ್ನ ಬರೀ ‘ಹಾಳೂರ ಹೊಲ’ ಅಂತ ಕರೀತೀವಿ.

ಚಿಕ್ಕವನಿದ್ದಾಗ ಅಪ್ಪನ ಹಿಂದೆ ನೇಗಿಲ ಸಾಲಲ್ಲಿ ನಡೀತಿದ್ದೆ, ಆಗ ಮಡಕೆ ಚೂರು ಏಳೋವು. ಕೆಲವು ಚೂರಿನ ಮೇಲೆ ಬೆರಳಲ್ಲಿ ಒತ್ತಿದ ಗುರುತು ಹಾಗೇ ಇರ್ತಿತ್ತು. ಬದುವಿನ ಹತ್ತಿರ ಒಂದು ಒರಳುಕಲ್ಲು ಅರ್ಧ ಹೂತುಕೊಂಡಿದೆ. ಮಳೆ ಬಂದರೆ ಅದರಲ್ಲಿ ನೀರು ನಿಂತು ಹಕ್ಕಿಗಳು ಕುಡೀತವೆ. ಅಲ್ಲಿ ಯಾರದೋ ಅಡುಗೆಮನೆ ಇತ್ತು ಅಂತ ಆಗ ನನಗೆ ಹೊಳೆದಿರಲಿಲ್ಲ.

ಕಚೇರಿಯಲ್ಲಿ ಕೇಳಿದರೆ ಒಬ್ಬರು ‘ಜನ ಬೇಚಾರ ಆಗಿ ಬಿಟ್ಟೋದ್ರಲ್ಲ, ಅದಕ್ಕೆ ಬೇಚರಾಕ್’ ಅಂದರು. ಇನ್ನೊಬ್ಬರು ‘ಚರ ಅಂದ್ರೆ ಓಡಾಟ, ಓಡಾಟ ಇಲ್ಲದ್ದು’ ಅಂದರು. ಎರಡೂ ಒಪ್ಪಿಗೆ ಆಗಲಿಲ್ಲ. ಇದು ಯಾವ ಭಾಷೆ, ನಿಜವಾದ ಅರ್ಥ ಏನು?

ಪದಪ್ರೀತಿ

ಪಾರ್ಸಿ ಪದ. ‘ಬೇ’ ಅಂದರೆ ಇಲ್ಲದ, ‘ಚಿರಾಗ್’ ಅಂದರೆ ದೀಪ. ಬೇ-ಚಿರಾಗ್, ದೀಪ ಉರಿಯದ ಊರು. ಸಂಜೆ ಒಂದು ಮನೆಯಲ್ಲೂ ದೀಪ ಹಚ್ಚೋರಿಲ್ಲದ ಊರನ್ನ ಲೆಕ್ಕದ ಪುಸ್ತಕದಲ್ಲಿ ಹೀಗೆ ಬರೆದರು. ಅದೇ ‘ಬೇ’ ನಮ್ಮ ಬೇಜವಾಬ್ದಾರಿ, ಬೇನಾಮಿ, ಬೇಕಾರ್ ಪದಗಳಲ್ಲೂ ಇದೆ. ನಿಮಗೆ ಮೊದಲು ಹೇಳಿದವರು ಅರ್ಧ ಸರಿ. ‘ಬೇಚಾರ’ದಲ್ಲೂ ಅದೇ ‘ಬೇ’ ಇದೆ, ಆದರೆ ‘ಚಾರಾ’ ಅಂದರೆ ದಾರಿ, ಉಪಾಯ. ಉಪಾಯ ಇಲ್ಲದವನು ಬೇಚಾರ. ದೀಪ ಇಲ್ಲದ ಊರು ಬೇಚರಾಕ್. ಎರಡನೆಯವರು ಹೇಳಿದ ಸಂಸ್ಕೃತದ ‘ಚರ’ಕ್ಕೂ ಇದಕ್ಕೂ ಸಂಬಂಧವಿಲ್ಲ.

ಕನ್ನಡದಲ್ಲಿ ಕೊನೆಯ ‘ಗ್’ ಹೋಗಿ ‘ಕ್’ ಆಗಿದೆ, ನಡುವಿನ ‘ಚಿ’ ಸವೆದು ‘ಚ’ ಆಗಿದೆ. ಬೇಚಿರಾಕ್, ಬೇಚರಾಕ್, ಬೇಚರಕ್ ಹೀಗೆ ಒಂದೊಂದು ತಾಲ್ಲೂಕಿನಲ್ಲಿ ಒಂದೊಂದು ಥರ ಬರೀತಾರೆ. ಮರಾಠಿಯಲ್ಲಿ ಇದರ ಹಾದಿಯೇ ಬೇರೆಯಾಯಿತು. ಅಲ್ಲಿ ‘ಬೇಚಿರಾಖ್’ ಅಂತಾರೆ, ‘ರಾಖ್’ ಅಂದರೆ ಬೂದಿ. ಹಾಗಾಗಿ ಕಿವಿಗೆ ಬೂದಿಯೇ ಕೇಳಿಸುತ್ತೆ. ಸುಟ್ಟು ನಾಶವಾದದ್ದಕ್ಕೆ, ಬಾಂಬ್ ಬಿದ್ದ ಪಟ್ಟಣಕ್ಕೆ ಅಲ್ಲಿನ ಪತ್ರಿಕೆಗಳು ಈ ಪದ ಬಳಸುತ್ತವೆ. ಕನ್ನಡದಲ್ಲಿ ಮಾತ್ರ ಇದು ಕಂದಾಯ ಇಲಾಖೆಯ ಕಡತ ಬಿಟ್ಟು ಹೊರಗೆ ಬರಲೇ ಇಲ್ಲ.

ಜ್ವಾಳದಹೊಲ

ನಮ್ ಕಡೆ ಬೇಚರಾಕ್ ಅಂದ್ರ ಎಲ್ಲಾರಿಗೂ ಗೊತ್ತದರಿ. ಜಮೀನದ ಮಾತು ಬಂದಾಗ ‘ಆ ಬೇಚರಾಕ್ ಸೀಮ್ಯಾಗ ಅದ’ ಅಂತಾರ. ಬೆಳಗಾವಿ ಕಡೆ ಊರ ಹೆಸರಿನ ಮುಂದ ಬಿ.ಕೆ., ಕೆ.ಎಚ್. ಇರ್ತದಲ್ಲ, ಕಂಗ್ರಾಳಿ ಬಿ.ಕೆ., ಕಂಗ್ರಾಳಿ ಕೆ.ಎಚ್. ಅಂತ? ಬುದ್ರುಕ್ ಅಂದ್ರ ದೊಡ್ಡದು, ಖುರ್ದ್ ಅಂದ್ರ ಸಣ್ಣದು. ಅದೂ ಇದೂ ಒಂದೇ ದಫ್ತರದಾಗ ಹುಟ್ಟಿದ ಮಾತು. ಆದ್ರ ಮನ್ಯಾಗ ಮಾತಾಡುವಾಗ ನಾವೂ ನಿಮ್ಮಂಗ ‘ಹಾಳೂರು’ ಅಂತೀವ್ರಿ.

ಹಳೇಕಡತ

ನಾನು ಗ್ರಾಮ ಲೆಕ್ಕಿಗನಾಗಿ ಸೇರಿ ಕಂದಾಯ ಇಲಾಖೆಯಲ್ಲೇ ನಿವೃತ್ತನಾದವನು. ಪದದ ಮೂಲ ಮೇಲಿನವರು ಸರಿಯಾಗಿ ಹೇಳಿದ್ದಾರೆ. ಬಳಕೆ ಬಗ್ಗೆ ನಾನು ಹೇಳ್ತೀನಿ.

ಕಂದಾಯದ ಲೆಕ್ಕದಲ್ಲಿ ಗ್ರಾಮ ಅಂದರೆ ಮನೆಗಳಲ್ಲ, ನೆಲ. ಸರ್ವೆ ಆದಾಗ ಒಂದೊಂದು ಗ್ರಾಮಕ್ಕೂ ಅದರದೇ ನಕಾಶೆ, ಅದರದೇ ಎಲ್ಲೆಕಲ್ಲು, ಒಂದರಿಂದ ಶುರುವಾಗೋ ಸರ್ವೆ ನಂಬರುಗಳು. ಜನ ಹೊರಟುಹೋದರೂ ನಂಬರು ಹೋಗೋದಿಲ್ಲ. ನೂರು ವರ್ಷದಿಂದ ಒಂದು ಮನೆಯೂ ಇಲ್ಲದ ಗ್ರಾಮಕ್ಕೆ ಇವತ್ತಿಗೂ ಪಹಣಿ ಬರುತ್ತೆ. ಹಳೇ ಮೈಸೂರಿನ ದಫ್ತರಗಳಲ್ಲಿ ಅಸಲಿ, ದಾಖಲಿ, ಬೇಚರಾಕ್ ಅಂತ ವಿಂಗಡಣೆ ಇತ್ತು. ಮೂಲ ಗ್ರಾಮ ಅಸಲಿ, ಅದಕ್ಕೆ ಸೇರಿಸಿಕೊಂಡ ಚಿಕ್ಕ ಊರು ದಾಖಲಿ, ಜನವಿಲ್ಲದ್ದು ಬೇಚರಾಕ್.

ಒಂದು ತಪ್ಪು ತಿಳಿವಳಿಕೆ ಇದೆ. ಬೇಚರಾಕ್ ಅಂತ ಇದ್ದರೆ ಅಲ್ಲಿ ಹಿಂದೆ ಊರಿತ್ತು, ಆಮೇಲೆ ಹಾಳಾಯ್ತು ಅಂತಲೇ ಎಲ್ಲರೂ ತಿಳೀತಾರೆ. ಹಾಗೇನಿಲ್ಲ. ಅಮೃತಮಹಲ್ ಕಾವಲುಗಳು (ಅಮೃತಮಹಲ್ ದನಗಳಿಗೆ ಮೀಸಲಿಟ್ಟ ಹುಲ್ಲುಗಾವಲು), ಕಾಡಿನ ತುಂಡುಗಳು ಕೂಡ ಪ್ರತ್ಯೇಕ ಗ್ರಾಮ ಅಂತ ದಾಖಲಾಗಿವೆ. ಅಲ್ಲಿ ದನ ಮೇಯಿಸೋರು ಬಿಟ್ಟರೆ ಯಾರೂ ಇದ್ದೇ ಇಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದ ಒಟ್ಟು ಗ್ರಾಮ 29,340, ಅದರಲ್ಲಿ ಜನ ಇರೋದು 27,397. ಉಳಿದ 1,943 ಜನವಿಲ್ಲದವು. ಈ 1,943ರಲ್ಲಿ ಸತ್ತ ಊರೂ ಸೇರಿದೆ, ಎಂದೂ ಊರಾಗದ ಕಾವಲೂ ಸೇರಿದೆ. ಸಂಖ್ಯೆ ಮಾತ್ರ ನೋಡಿ ಇಷ್ಟು ಊರು ಅಳಿದವು ಅಂತ ಬರೆಯೋರನ್ನ ನೋಡಿದಾಗ ನನಗೆ ಬೇಸರವಾಗುತ್ತೆ.

ಕೆಂಪುಮಣ್ಣು ಅವರೇ, ನಿಮ್ಮದು ಕಾವಲಲ್ಲ, ನಿಜವಾದ ಊರೇ. ಮಡಕೆ ಚೂರು, ಒರಳುಕಲ್ಲು ಅದಕ್ಕೆ ಸಾಕ್ಷಿ. ಪೌತಿಗೆ ಇದರಿಂದ ತೊಂದರೆ ಏನಿಲ್ಲ. ಅರ್ಜಿಯಲ್ಲಿ ಗ್ರಾಮ ಅನ್ನೋ ಕಡೆ ನೀವಿರೋ ಊರ ಹೆಸರು ಬರೀಬೇಡಿ, ಪಹಣಿಯಲ್ಲಿರೋ ಬೇಚರಾಕ್ ಗ್ರಾಮದ ಹೆಸರೇ ಬರೀರಿ. ಇದೊಂದರಲ್ಲಿ ತಪ್ಪಿ ಅರ್ಜಿ ವಾಪಸ್ ಬಂದಿರೋದು ಎಷ್ಟೋ ನೋಡಿದ್ದೀನಿ. ಇನ್ನೊಂದು ಮಾತು. ಆ ಗ್ರಾಮದ ನಕಾಶೆ ತೆಗೆಸಿ ನೋಡಿ. ಮನೆಗಳಿದ್ದ ಜಾಗವನ್ನ ಗ್ರಾಮಠಾಣಾ ಅಂತ ಬೇರೆಯಾಗಿ ತೋರಿಸಿರ್ತಾರೆ. ಅದು ಯಾರ ಖಾತೆಯದ್ದೂ ಅಲ್ಲ. ಕೇಳೋರಿಲ್ಲ ಅಂತ ಅಕ್ಕಪಕ್ಕದವರು ವರ್ಷಕ್ಕೊಂದು ಸಾಲು ಒಳಗೆ ಉತ್ತು ಉತ್ತು ಎಷ್ಟೋ ಕಡೆ ಠಾಣಾ ಅನ್ನೋದೇ ಕರಗಿಹೋಗಿದೆ.

ಕೆಂಪುಮಣ್ಣು

ಹಳೇಕಡತ ಸರ್, ತುಂಬಾ ಉಪಕಾರ ಆಯ್ತು. ಅರ್ಜಿಯಲ್ಲಿ ನಾನು ನಮ್ಮೂರ ಹೆಸರೇ ಬರೆದಿದ್ದೆ, ಇನ್ನೂ ಕೊಟ್ಟಿರಲಿಲ್ಲ. ನಕಾಶೆಗೂ ಹಣ ಕಟ್ಟಿ ಬರ್ತೀನಿ.

ಊರು ಯಾಕೆ ಹಾಳಾಯ್ತು ಅಂತ ಹಿರಿಯರನ್ನ ಕೇಳಿದೆ. ಒಬ್ಬರು ಪ್ಲೇಗು ಅಂದರು, ಒಬ್ಬರು ಬಾವಿ ಬತ್ತಿತು ಅಂದರು, ಇನ್ನೊಬ್ಬರು ದರೋಡೆ ಕಾಟ ಅಂದರು.

ಕೋಟೆಸೀಮೆ

ಮೂರೂ ಇದ್ದಿರಬಹುದು ಅಣ್ಣ, ಒಂದರ ಮೇಲೊಂದು. ನಮ್ಮ ಚಿತ್ರದುರ್ಗದ ಸೀಮೆಯಲ್ಲೂ ಹಾಳೂರಿನ ಬಗ್ಗೆ ಕೇಳಿದರೆ ಇಂಥವೇ ಕಾರಣ ಸಿಗೋದು. 1876-78ರ ಬರ, ನಮ್ಮ ಹಿರಿಯರು ‘ಧಾತು ಈಶ್ವರ’ ಅಂತಿದ್ದರು. ಧಾತು ಸಂವತ್ಸರ ಮತ್ತು ಈಶ್ವರ ಸಂವತ್ಸರ, ಎರಡು ವರ್ಷದ ಬರ ಅದು. ಅದಾದ ಇಪ್ಪತ್ತು ವರ್ಷಕ್ಕೆ, 1898ರಲ್ಲಿ ಪ್ಲೇಗು ಮೈಸೂರು ಸೀಮೆಗೆ ಬಂತು. ‘ಇಲಿ ಬಿತ್ತು’ ಅಂದರೆ ಸಾಕು, ಪಾತ್ರೆ ಪಗಡ ಹೊತ್ತುಕೊಂಡು ಹೊಲದಲ್ಲಿ ಗುಡಿಸಲು ಹಾಕ್ಕೊಳೋರು. ಬರದಲ್ಲಿ ಅರ್ಧ ಖಾಲಿಯಾದ ಊರಿಗೆ ಪ್ಲೇಗು ಬಂದರೆ, ವಾಪಸ್ ಹೋಗಿ ಗೋಡೆ ಎತ್ತೋಕೆ ಆಳು ಎಲ್ಲಿ? ಹೊಲದಲ್ಲಿ ಹಾಕಿದ ಗುಡಿಸಲೇ ಹೊಸ ಊರಾದದ್ದೂ ಉಂಟು.

ಇನ್ನೊಂದು ಪದ ಹೇಳಬೇಕು, ಇದಕ್ಕೆ ತೀರಾ ಹತ್ತಿರದ್ದು, ಆದರೆ ತಿರುವುಮುರುವು: ‘ಹೊರಬೀಡು’. ರೋಗ ರುಜಿನ ಬಂದರೆ, ಮಳೆ ಕೈಕೊಟ್ಟರೆ, ಊರಿಗೆ ಊರೇ ಒಂದು ದಿನ ಮನೆ ಬಿಟ್ಟು ಹೊರಗಿರೋ ಆಚರಣೆ. ನಮ್ಮೂರಲ್ಲಿ ನಾನು ಎರಡು ಸಲ ನೋಡಿದ್ದೀನಿ. ಹಿಂದಿನ ದಿನ ಊರಲ್ಲಿ ಡಂಗುರ ಸಾರಿಸ್ತಾರೆ. ಕೋಳಿ ಕೂಗೋ ಹೊತ್ತಿಗೆ ಒಲೆಯ ಬೂದಿ ತೆಗೆದು ಮನೆ ಗುಡಿಸಿ ಬೀಗ ಹಾಕೋದು. ದನ, ಕುರಿ, ಕೋಳಿ, ನಾಯಿ ಒಂದೂ ಒಳಗಿರಬಾರದು. ಎಲ್ಲರೂ ಆಚೆ ಬಂದ ಮೇಲೆ ಊರಿನ ದಾರಿಗಳಿಗೆ ಮುಳ್ಳು ಹಾಕಿ ಕಟ್ಟಿಬಿಡ್ತಾರೆ. ಎರಡನೇ ಸಲ ನಮ್ಮ ದೊಡ್ಡಪ್ಪನಿಗೆ ಲಕ್ವ ಹೊಡೆದಿತ್ತು, ಹಾಸಿಗೆ ಬಿಟ್ಟು ಏಳ್ತಿರಲಿಲ್ಲ. ಹೊರಸಿನ ಸಮೇತ ನಾಲ್ಕು ಜನ ಎತ್ತಿಕೊಂಡು ಬಂದು ಬೇವಿನ ಮರದಡಿ ಇಳಿಸಿದ್ವಿ. ಬಿಸಿಲು ತಿರುಗಿದ ಹಾಗೆ ಹೊರಸೂ ತಿರುಗಿಸ್ತಾ ಇದ್ವಿ. ಅವರ ಕಣ್ಣು ಮಾತ್ರ ಊರ ಕಡೆಯೇ. ಅಷ್ಟು ದೂರದಿಂದ ಒಂದು ಮನೆಯಿಂದಲೂ ಹೊಗೆ ಇಲ್ಲದ ಊರನ್ನ ನಾನೂ ಅವತ್ತೇ ಮೊದಲು ನೋಡಿದ್ದು. ಹೊತ್ತು ಮುಳುಗೋವಾಗ ಮೊದಲು ಊರಮ್ಮನ ಗುಡಿಯಲ್ಲಿ ದೀಪ, ಆಮೇಲೆ ಮನೆಮನೆಯಲ್ಲಿ.

‘ಬೀಡು’ ಅಂದರೆ ತಂಗುದಾಣ, ಬಿಡಾರ. ಹೊರಗೆ ಬೀಡು ಬಿಡೋದು ಹೊರಬೀಡು. ಕೊರೊನಾ ಕಾಲದಲ್ಲೂ ನಮ್ಮ ಕಡೆ ಕೆಲವು ಊರಲ್ಲಿ ಮಾಡಿದರು.

ಹಿನ್ನೀರದಂಡೆ

ಈ ಚರ್ಚೆ ಓದ್ತಾ ನನಗೆ ಒಂದು ಸಂಕಟ. ನಮ್ಮದು ಸಾಗರ ತಾಲ್ಲೂಕು, ಶರಾವತಿಯಲ್ಲಿ ಮುಳುಗಿದ ಊರಿನವರು. ಲಿಂಗನಮಕ್ಕಿ ಕಟ್ಟಿದ್ದು 1964ರಲ್ಲಿ. ಅದಕ್ಕೂ ಮೊದಲು 1948ರ ಹಿರೇಭಾಸ್ಕರ ಅಣೆಕಟ್ಟು ಇತ್ತು, ಅದೇ ಲಿಂಗನಮಕ್ಕಿಯ ನೀರಲ್ಲಿ ಮುಳುಗಿತು, ಬೇಸಿಗೆಯಲ್ಲಿ ನೀರು ಇಳಿದರೆ ಈಗಲೂ ತಲೆ ಎತ್ತುತ್ತೆ. ಅಜ್ಜನ ಮನೆ ಎಲ್ಲಿತ್ತು ಅಂದರೆ ಅಪ್ಪ ನೀರಿನ ಮೇಲೆ ಕೈ ತೋರಿಸ್ತಿದ್ದರು.

ಲೆಕ್ಕದಲ್ಲಿ ನಮ್ಮ ಊರೂ ದೀಪ ಇಲ್ಲದ ಊರೇ. ಆದರೆ ಪ್ಲೇಗಿಗೆ ಹೆದರಿ ಬಿಟ್ಟ ಊರಿಗೂ, ನೋಟೀಸು ಕೊಟ್ಟು ಬಿಡಿಸಿದ ಊರಿಗೂ ಒಂದೇ ಪದ ಸಾಲೋದಿಲ್ಲ. ನಮ್ಮ ಕಡೆ ನಾವು ‘ಮುಳುಗಡೆ’ ಅಂತೀವಿ. ‘ಅವರು ಮುಳುಗಡೆಯವರು’ ಅಂದರೆ ಬೇರೇನೂ ವಿವರಿಸಬೇಕಾಗಿಲ್ಲ. ಆ ಪದದಲ್ಲಿ ಏನಾಯ್ತು ಅನ್ನೋದು ಇದೆ. ಪತ್ರಿಕೆಯವರು ಬರೆಯೋ ‘ತೆರವು’ ಕಂಡರೆ ನನಗೆ ಆಗೋದಿಲ್ಲ. ಒತ್ತುವರಿ ತೆರವು, ಮರ ತೆರವು, ತಡೆಯಾಜ್ಞೆ ತೆರವು, ಶಾಸಕರ ಸ್ಥಾನ ತೆರವು, ಅದೇ ಸಾಲಿನಲ್ಲಿ ‘ಕುಟುಂಬಗಳ ತೆರವು’. ಜಾಗವನ್ನ ತೆರವು ಮಾಡಬಹುದು. ಜನರನ್ನ ಹೇಗೆ ತೆರವು ಮಾಡ್ತಾರೆ? ಕನ್ನಡದಲ್ಲಿ ಅದಕ್ಕೆ ‘ಒಕ್ಕಲೆಬ್ಬಿಸು’ ಅನ್ನೋ ಪದವಿದೆ. ಒಕ್ಕಲು ಕೂತಿತ್ತು, ಅದನ್ನ ಎಬ್ಬಿಸಿದರು. ಮಾಡಿದವರು ಯಾರು ಅನ್ನೋ ಪ್ರಶ್ನೆ ಆ ಪದದೊಳಗೇ ಇದೆ.

ಪದಪ್ರೀತಿ

ಅಕ್ಕ, ನಿಮ್ಮ ಮಾತು ಒಪ್ಪಿದೆ. ವ್ಯಾಕರಣದ ದೃಷ್ಟಿಯಿಂದಲೂ ನೀವು ಹೇಳಿದ್ದೇ ಸರಿ. ತೆರವು ಆಗೋದು ಜಾಗ, ಸ್ಥಾನ. ‘ಮನೆ ತೆರವು ಮಾಡಿದರು’ ಸರಿ. ‘ಜನರನ್ನು ತೆರವು ಮಾಡಿದರು’ ಅಂದಾಗ ಜನರನ್ನ ಸಾಮಾನಿನ ಥರ ಮಾಡಿದ ಹಾಗೆ.

ಆದರೂ ಆ ಪದದ ಮೇಲೆ ಅಷ್ಟು ಸಿಟ್ಟು ಬೇಡ. ಅದು ಅಚ್ಚಗನ್ನಡ ಪದ, ‘ತೆರೆ’ ಅನ್ನೋದರ ಬಳಗ. ಹಳಗನ್ನಡದಲ್ಲಿ ತೆಱಪು, ನಡುಗನ್ನಡದಲ್ಲಿ ತೆರಹು, ಈಗ ತೆರವು. ಬಿಡುವು, ಎಡೆ, ತೆರೆದ ಜಾಗ ಅಂತ ಅರ್ಥ. ತೆಲುಗಿನಲ್ಲಿ ಮಳೆ ನಡುವೆ ಸಿಗೋ ಬಿಡುವಿಗೆ ‘ತೆರಪಿ’ ಅಂತಾರೆ, ಅದೂ ಇದೇ. ವಚನಗಳಲ್ಲಿ ದೇವರನ್ನ ‘ತೆರಹಿಲ್ಲದ’ವನು ಅಂತ ಕರೆದಿದ್ದಾರೆ. ಎಲ್ಲೂ ಖಾಲಿ ಬಿಡದೆ ತುಂಬಿಕೊಂಡಿರುವವನು ಅಂತ. ಅಂಥ ಪದ ಇವತ್ತು ಜೆಸಿಬಿ ಫೋಟೊದ ಕೆಳಗೆ ಬಂದು ಕೂತಿದೆ. ಅದು ಬಳಸಿದವರ ತಪ್ಪು, ಪದದ್ದಲ್ಲ.

ಜ್ವಾಳದಹೊಲ

ಗುಳೆ ಮರೀಬ್ಯಾಡ್ರಿ. ಹಳೇ ಕಾವ್ಯದಾಗ ‘ಗೂಳೆಯ’ ಅಂತ ಬರ್ತದ, ಬಿಡಾರ ಕಿತ್ತು ಹೋಗೋದಕ್ಕ. ನಮ್ ರಾಯಚೂರು, ಕೊಪ್ಪಳ, ಯಾದಗಿರಿ ಕಡೆ ಸುಗ್ಗಿ ಮುಗೀತಂದ್ರ ಗುಳೆ ಹೊಂಟ್ರು ಅಂತಾರ. ಬೆಂಗಳೂರಿಗೆ, ಪುಣೆಕ್ಕ, ಗೋವಾಕ್ಕ. ಓಣಿಗೆ ಓಣೀನೇ ಕೀಲಿ ಬಿದ್ದಿರ್ತದ, ಬಾಗಲಕ್ಕ ಮುಳ್ಳಕಂಟಿ ಹಚ್ಚಿರ್ತಾರ. ಆದ್ರ ಅದು ಬೇಚರಾಕ್ ಅಲ್ರಿ. ಮುದುಕರು, ಸಾಲಿ ಹುಡುಗರು ಉಳದಿರ್ತಾರ. ನಾಕು ಮನ್ಯಾಗ ದೀಪ ಉರೀತಿರ್ತದ. ಗುಳೆ ಹೋದವ್ರು ಹಬ್ಬಕ್ಕ ಬರ್ತಾರ, ಜಾತ್ರಿಗೆ ಬರ್ತಾರ, ಓಟಿಗೆ ಬರ್ತಾರ.

2009ರ ಪ್ರವಾಹ ಆದಮ್ಯಾಲೆ ನದಿ ದಂಡಿ ಊರಿನವ್ರಿಗೆ ‘ಆಸರೆ’ ಮನಿ ಕಟ್ಟಿಸಿಕೊಟ್ರು. ಒಂದೊಂದ್ ಕಡೆ ಮಂದಿ ಅಲ್ಲಿಗೆ ಹೋಗಿ ತಿರುಗಿ ಹಳೇ ಊರಿಗೇ ಬಂದ್ರು. ದನ ಕಟ್ಟಾಕ ಜಾಗ ಇಲ್ಲ, ಹೊಲ ದೂರ ಅಂತ. ಹಂಗಾಗಿ ಈಗ ಕೆಲವಕ್ಕ ಹಳೇ ಊರು ಬ್ಯಾರೆ, ಹೊಸ ಊರು ಬ್ಯಾರೆ. ಎರಡರಾಗೂ ಅರ್ಧರ್ಧ ದೀಪ.

ನುಡಿಸರಳ

ಒಂದು ಸಲಹೆ. ಸಾಮಾನ್ಯ ಜನಕ್ಕೆ ಅರ್ಥವಾಗದ ಇಂಥ ಪಾರ್ಸಿ ಪದಗಳನ್ನ ಕಂದಾಯ ದಾಖಲೆಯಿಂದ ತೆಗೆದು ‘ಜನವಸತಿರಹಿತ ಗ್ರಾಮ’ ಅಂತ ಬರೀಬಹುದಲ್ಲ? ಕೆಲವು ಸುತ್ತೋಲೆಗಳಲ್ಲಿ ಈಗಾಗಲೇ ಹಾಗೆ ಬರೀತಾರೆ.

ಕೋಟೆಸೀಮೆ

ಜನವಸತಿರಹಿತ ಅನ್ನೋದೂ ನಮ್ಮ ಅಜ್ಜಿಗೆ ಅರ್ಥವಾಗಲ್ಲ ಸರ್. ಬೇಚರಾಕ್ ಅಂದರೆ ದೀಪ ಇಲ್ಲದ್ದು ಅಂತ ಒಂದು ಸಲ ಹೇಳಿ ನೋಡಿ, ಸಾಯೋವರೆಗೂ ಮರೆಯಲ್ಲ. ನಮ್ಮಲ್ಲಿ ಮನೆ ಎಣಿಸೋದೇ ಒಲೆ ಲೆಕ್ಕದಲ್ಲಿ, ದೀಪದ ಲೆಕ್ಕದಲ್ಲಿ. ಅಣ್ಣತಮ್ಮ ಬೇರೆಯಾದರೆ ‘ಒಲೆ ಬೇರೆಯಾಯ್ತು’ ಅಂತೀವಿ. ‘ದೀಪ ಆರಿಸು’ ಅಂತ ಬಾಯಿಬಿಟ್ಟು ಹೇಳೋಕೂ ಹಿಂಜರಿದು ಎಷ್ಟೋ ಮನೆಯಲ್ಲಿ ‘ದೀಪ ದೊಡ್ಡದು ಮಾಡು’ ಅಂತಾರೆ. ಅಂಥ ಜನಕ್ಕೆ ಈ ಪದ ಪರಭಾಷೆಯದು ಅನ್ನಿಸೋದಿಲ್ಲ. ಜಮೀನು, ರೈತ, ತಹಶೀಲ್ದಾರ್, ದರಖಾಸ್ತು ಎಲ್ಲಾ ಇಟ್ಟುಕೊಂಡು ಇದೊಂದನ್ನೇ ಯಾಕೆ ಕಳಿಸಬೇಕು?

ಹಳೇಕಡತ

ನುಡಿಸರಳ ಅವರ ಕಾಳಜಿ ನನಗೆ ಅರ್ಥವಾಗುತ್ತೆ, ಆದರೆ ನಾನೂ ಕೋಟೆಸೀಮೆಯವರ ಪಕ್ಷವೇ. ದಾಖಲೆಯಲ್ಲಿ ಪದ ಬದಲಾದರೆ ಹಳೆಯ ಕಡತಕ್ಕೂ ಹೊಸದಕ್ಕೂ ಕೊಂಡಿ ತಪ್ಪುತ್ತೆ. ಪದ ಉಳಿಸಿ, ಅರ್ಥ ಕಲಿಸೋದು ಸುಲಭ.

ಇಲ್ಲಿ ಯಾರೂ ಎತ್ತದ ಇನ್ನೊಂದು ವಿಷಯ ಇದೆ. ಬೇಚರಾಕ್‌ನಲ್ಲಿ ಊರಿನ ಹೆಸರಿದೆ, ಜನ ಇಲ್ಲ. ಇದಕ್ಕೆ ಪೂರ್ತಿ ವಿರುದ್ಧವಾದದ್ದೂ ನಮ್ಮ ರಾಜ್ಯದಲ್ಲಿ ಇದೆ. ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ಕಾಡಂಚಿನ ಹಾಡಿ. ತಲೆಮಾರುಗಳಿಂದ ಜನ ಇದ್ದಾರೆ, ದೀಪ ಉರೀತಿದೆ, ದಾಖಲೆಯಲ್ಲಿ ಊರಿಲ್ಲ. ಯಾರದೋ ಸರ್ವೆ ನಂಬರಿನ ಮೇಲೆ, ಸರ್ಕಾರಿ ಜಾಗದ ಮೇಲೆ ಮನೆ. ಹಕ್ಕುಪತ್ರ ಇಲ್ಲದೆ ಬ್ಯಾಂಕು ಸಾಲ ಕೊಡೋದಿಲ್ಲ. ಇಂಥವನ್ನ ಕಂದಾಯ ಗ್ರಾಮ ಅಂತ ಘೋಷಿಸೋ ಕೆಲಸ ಕೆಲವು ವರ್ಷದಿಂದ ನಡೀತಿದೆ, ಇನ್ನೂ ಮುಗಿದಿಲ್ಲ. ನನ್ನ ಸರ್ವೀಸಿನಲ್ಲಿ ಒಂದೇ ಹೋಬಳಿಯಲ್ಲಿ ಎರಡೂ ನೋಡಿದ್ದೆ. ಒಂದು ಬೇಚರಾಕ್ ಗ್ರಾಮದ ಪಹಣಿ ಪುಸ್ತಕ ಅಲಮಾರಿನಲ್ಲಿ ದಪ್ಪಗೆ ಕೂತಿತ್ತು. ಅಲ್ಲಿಂದ ಎರಡು ಮೈಲಿ ದೂರದ ತಾಂಡಾದವರು ವಾಸದ ದೃಢೀಕರಣಕ್ಕೆ ಬಂದರೆ ಯಾವ ಗ್ರಾಮದ ಹೆಸರು ಬರೆಯೋದು ಅಂತ ನಾವು ತಡಕಾಡ್ತಿದ್ವಿ. ಅವರ ಮುಖ ನೋಡೋಕೆ ಕಷ್ಟ ಆಗ್ತಿತ್ತು.

ಹಿನ್ನೀರದಂಡೆ

ಹಳೇಕಡತ ಸರ್, ಇದನ್ನ ಹೇಳಿದ್ದಕ್ಕೆ ಧನ್ಯವಾದ. ಮುಳುಗಡೆಯವರದ್ದೂ ಇದೇ ಕಥೆ. ಬಿಟ್ಟ ಊರಿಗೆ ಹೆಸರಿದೆ, ಹೋಗಿ ಕೂತ ಜಾಗ ಅರಣ್ಯ ಅಂತ ದಾಖಲೆ. ಅಪ್ಪ ಹೋದರು, ಹಕ್ಕುಪತ್ರ ಬರಲಿಲ್ಲ.

ಕೆಂಪುಮಣ್ಣು

ನಕಾಶೆ ಸಿಕ್ಕಿತು. ಮೂಲ ಪ್ರತಿ ನೋಡೋಕೆ ರೆಕಾರ್ಡ್ ರೂಮಿನವರು ಅವಕಾಶ ಮಾಡಿಕೊಟ್ಟರು. ಹಿಂದೆ ಬಟ್ಟೆ ಅಂಟಿಸಿದ ಕಾಗದ, ಮಡಿಕೆಯಲ್ಲಿ ಹರಿದಿದೆ. ಊರ ಹೆಸರಿನ ಕೆಳಗೆ ಕೈಬರಹದಲ್ಲಿ ‘ಬೇಚಿರಾಕ್’ ಅಂತಲೇ ಇದೆ, ‘ಚಿ’ ಸ್ಪಷ್ಟವಾಗಿದೆ. ಕಂಪ್ಯೂಟರಿಗೆ ಏರಿಸುವಾಗ ‘ಚ’ ಆಗಿರಬೇಕು. ನಡುವೆ ಗ್ರಾಮಠಾಣಾ, ಅದರ ಮೂಲೆಯಲ್ಲಿ ಒಂದು ಬಾವಿ, ಒಂದು ಗುಡಿ. ಬಾವಿ ಈಗ ಪಕ್ಕದವರ ಅಡಿಕೆ ತೋಟದೊಳಗೆ ಸೇರಿದೆ. ಗುಡಿ ಇದ್ದ ಕಡೆ ಬರೀ ಹುತ್ತ.

ನಮ್ಮ ಸೋದರತ್ತೆಗೆ ಫೋಟೊ ತೋರಿಸಿದೆ. ಬೇಚರಾಕ್ ಅನ್ನೋ ಪದ ಅವರು ಕೇಳೇ ಇಲ್ಲ. ಆದರೆ ಒರಳುಕಲ್ಲು ಅಂದ ತಕ್ಷಣ ‘ನಿಮ್ಮಜ್ಜಿ ಬಿತ್ತನೆ ದಿವ್ಸ ಮೊದ್ಲು ಒಂದು ಹಿಡಿ ರಾಗಿ ಅದ್ರೊಳಕ್ಕೆ ಹಾಕೋಳು, ಆಮ್ಯಾಕೆ ನಮ್ ಹೊಲಕ್ಕೆ’ ಅಂದರು. ಯಾಕೆ ಅಂದರೆ, ‘ಅವ್ರದ್ದಲ್ವೇನೋ ಅದು’ ಅಂದರು.

ಭೂಮಾಪಕರು ಮೊನ್ನೆ ಬಂದು ಅಳೆದರು. ಹಳೇಕಡತ ಸರ್ ಹೇಳಿದ ಹಾಗೇ ಆಗಿದೆ. ಒರಳುಕಲ್ಲು, ಅದರ ಹಿಂದಿನ ಎರಡು ಗುಂಟೆ ನಮ್ಮ ಸರ್ವೆ ನಂಬರಿನದಲ್ಲ, ಠಾಣಾದೊಳಗೆ ಬರುತ್ತೆ. ನಮ್ಮವರೂ ವರ್ಷಕ್ಕೊಂದು ಸಾಲು ಒಳಗೆ ಹೋಗಿದ್ದಾರೆ. ತಮ್ಮನ ಹತ್ತಿರ ಮಾತಾಡಿದ್ದೀನಿ. ಬದು ಈಚೆಗೆ ತಂದು ಕಲ್ಲು ನೆಡಿಸ್ತಿದ್ದೀವಿ, ಪೌತಿ ಉಳಿದದ್ದಕ್ಕೆ ಮಾತ್ರ.